ಕಾಯ್ದೆಯ ಯಾವ ಸಾಲು ಬದಲಾಗಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮದುವೆ, ವಾರಸು, ಪಾಲು, ಕುಟುಂಬ ನ್ಯಾಯಾಲಯಕ್ಕೆ ಸಂಬಂಧಿಸಿದವು. "ಕಾನೂನೇ ಹಾಗಿದೆ" ಎಂದು ವಕೀಲರು ಹೇಳಿ ಕಳಿಸಿದ ಮೇಲೆ, "ಹಾಗಾದರೆ ಆ ಕಾನೂನನ್ನು ಬದಲಿಸಲು ನಮ್ಮಂಥವರು ಏನು ಮಾಡಬೇಕು?" ಎಂದು ಕೇಳಿದವರು ಆರು ಮಂದಿ. ಅವರಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ನನ್ನ ಅಕ್ಕ ಪ್ರೌಢಶಾಲಾ ಶಿಕ್ಷಕಿ. ಭಾವ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆ ಮಾವನೂ ಇಲ್ಲ. 74 ವರ್ಷದ ನಮ್ಮ ಅಮ್ಮನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಹೋದ ವರ್ಷ ವಿಲ್ ಬರೆಯದೆ ತೀರಿಕೊಂಡಳು. ಅವಳು ಸಂಬಳದಲ್ಲಿ ಕೊಂಡ ಸೈಟು, ಬ್ಯಾಂಕಿನಲ್ಲಿದ್ದ ಠೇವಣಿ ಎಲ್ಲವೂ ಭಾವನ ತಮ್ಮನಿಗೆ ಸೇರುತ್ತದಂತೆ. ಇದನ್ನು ಬದಲಿಸುವ ಅಧಿಕಾರ ಬೆಂಗಳೂರಿಗೆ ಇದೆಯೇ, ದೆಹಲಿಗೆ ಮಾತ್ರವೇ? — ಓದುಗರು, ತಿಪಟೂರು

ಉತ್ತರ: ವಕೀಲರು ಹೇಳಿದ್ದು ನಿಜ, ನಮಗೂ ಅದು ಸಂಕಟದ ಸಂಗತಿ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 15ನೇ ಪ್ರಕರಣದ (ಸೆಕ್ಷನ್) ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಹೆಂಗಸಿನ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಅವರೂ ಇಲ್ಲದಿದ್ದರೆ ಮಾತ್ರ ಹೆತ್ತ ತಾಯಿ ತಂದೆಗೆ. ತಾಯಿ ತಂದೆಯಿಂದ ವಾರಸಾಗಿ ಬಂದ ಆಸ್ತಿಯಾದರೆ, ಮಕ್ಕಳಿಲ್ಲದಾಗ ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. ತಾನೇ ದುಡಿದು ಗಳಿಸಿದ್ದರ ಬಗ್ಗೆ ಮಾತ್ರ ಕಾಯ್ದೆಯಲ್ಲಿ ಬೇರೆ ಮಾತಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಓಂ ಪ್ರಕಾಶ್ ವಿರುದ್ಧ ರಾಧಾ ಚರಣ್ ಪ್ರಕರಣದಲ್ಲಿ, ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಗಂಡನ ಮನೆಯಿಂದ ಹೊರಬಿದ್ದು, ತವರಿನವರ ಆಸರೆಯಲ್ಲಿ ಓದಿ ಕೆಲಸಕ್ಕೆ ಸೇರಿದ ಹೆಂಗಸಿನ ಗಳಿಕೆಯೂ ಗಂಡನ ಕಡೆಯವರಿಗೇ ಹೋಯಿತು. ಕಾಯ್ದೆಯ ಮಾತು ಸ್ಪಷ್ಟವಿರುವಾಗ ಮರುಕವನ್ನು ಆಧಾರ ಮಾಡಿಕೊಳ್ಳಲಾಗದು ಎಂಬುದು ನ್ಯಾಯಾಲಯದ ನಿಲುವು. ಅದಕ್ಕೂ ಮುಂಚೆ, 2008ರಲ್ಲೇ ಭಾರತದ ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ ಕಾಯ್ದೆಯ ಈ 15ನೇ ಪ್ರಕರಣಕ್ಕೆ ತಿದ್ದುಪಡಿ ಬೇಕೆಂದು ಶಿಫಾರಸು ಮಾಡಿತ್ತು.

ಬೆಂಗಳೂರಿಗೆ ಅಧಿಕಾರ ಇದೆ. ಸಂವಿಧಾನದ ಏಳನೇ ಅನುಸೂಚಿಯ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿ ಮದುವೆ, ವಿಚ್ಛೇದನ, ದತ್ತು, ಉಯಿಲು, ಉತ್ತರಾಧಿಕಾರ, ಅವಿಭಕ್ತ ಕುಟುಂಬ, ಪಾಲು ಎಲ್ಲ ಬರುತ್ತವೆ. ಸಂಸತ್ತೂ ಕಾನೂನು ಮಾಡಬಹುದು, ವಿಧಾನಮಂಡಲವೂ ಮಾಡಬಹುದು. ಎರಡಕ್ಕೂ ತಿಕ್ಕಾಟವಾದರೆ ಸಂಸತ್ತಿನದೇ ಮೇಲು. ಆದರೆ 254ನೇ ಅನುಚ್ಛೇದದ (2)ನೇ ಖಂಡದ ಪ್ರಕಾರ ರಾಷ್ಟ್ರಪತಿಯವರ ಅಂಕಿತ ಸಿಕ್ಕರೆ ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ನಿಲ್ಲುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿದ್ದು ಮೊದಲು ರಾಜ್ಯಗಳೇ. ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಒಂದಾದಮೇಲೊಂದು ಇದೇ ಕೇಂದ್ರ ಕಾಯ್ದೆಯನ್ನು ತಿದ್ದಿದವು. ಇಡೀ ದೇಶಕ್ಕೆ ಆ ಹಕ್ಕು ಬಂದಿದ್ದು ಆಮೇಲೆ, 2005ರಲ್ಲಿ.

ಒಂದು ಮಾತನ್ನು ಮುಚ್ಚಿಡುವುದು ತಪ್ಪಾಗುತ್ತದೆ. ವಾರಸು ತೀರ್ಮಾನವಾಗುವುದು ತೀರಿಕೊಂಡ ದಿನ ಇದ್ದ ಕಾನೂನಿನ ಪ್ರಕಾರ. ನಾಳೆ ತಿದ್ದುಪಡಿ ಬಂದರೂ ಅದು ನಿಮ್ಮ ಅಕ್ಕನ ಸೈಟಿನವರೆಗೆ ಹಿಂದಕ್ಕೆ ಹೋಗುವುದು ಕಷ್ಟ. ನಿಮ್ಮ ಹೋರಾಟದ ಫಲ ಸಿಗುವುದು ಮುಂದಿನವರಿಗೆ. ಅಲ್ಲಿಯವರೆಗೆ ದುಡಿಯುವ ಪ್ರತಿ ಹೆಣ್ಣುಮಗಳೂ ವಿಲ್ ಬರೆದಿಡಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವರು ಸಹಿ ಮಾಡಬೇಕು, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವರೆದುರೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟದಿಂದ ಎಂಟುನೂರು ಸಹಿ ಮಾಡಿಸಿ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟೆವು. "ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ" ಎಂಬ ಒಂದು ಸಾಲಿನ ಹಿಂಬರಹ ಬಂತು. ಎಂಟು ತಿಂಗಳಾಯಿತು. ಎಲ್ಲಿ ತಪ್ಪಿದೆವು? — ಒಕ್ಕೂಟದ ಪದಾಧಿಕಾರಿಗಳು, ಹಾವೇರಿ ಜಿಲ್ಲೆ

ಉತ್ತರ: ನೀವು ಕಳಿಸಿದ ಮನವಿಯ ನಕಲನ್ನು ಓದಿದೆವು. ಅದರಲ್ಲಿ ನಾಲ್ಕು ಬೇಡಿಕೆಗಳಿವೆ: ಬಾಲ್ಯವಿವಾಹ ನಿಲ್ಲಬೇಕು, ಜೀವನಾಂಶ ಬೇಗ ಸಿಗಬೇಕು, ವಿಧವೆಯರ ಆಸ್ತಿ ತವರಿಗೆ ಬರಬೇಕು, ಮದ್ಯದಂಗಡಿ ಮುಚ್ಚಬೇಕು. ನಾಲ್ಕೂ ನ್ಯಾಯವಾದವೇ. ಆದರೆ ಇಂಥ ಮನವಿ ಸಚಿವಾಲಯದಲ್ಲಿ ನಾಲ್ಕು ಇಲಾಖೆಗಳಿಗೆ ಸೇರಿದ್ದು. ಒಂದು ಇಲಾಖೆಯವರು "ಇದು ಮುಖ್ಯವಾಗಿ ಅವರದು" ಎಂದು ಷರಾ ಬರೆದು ದಾಟಿಸುತ್ತಾರೆ, ಅಲ್ಲಿಂದ ಅದು ಮುಂದಕ್ಕೆ ಹೋಗುತ್ತದೆ. ಯಾರ ಮೇಜಿನ ಮೇಲೂ ಅದು ಕಡತ ಆಗುವುದಿಲ್ಲ. ಕಡತ ಸಂಖ್ಯೆ ಹುಟ್ಟದ ಮನವಿ ಸರ್ಕಾರದ ಲೆಕ್ಕದಲ್ಲಿ ಇಲ್ಲದಂತೆಯೇ.

ಒಂದು ಮನವಿಗೆ ಒಂದೇ ಕಾಯ್ದೆ, ಒಂದೇ ಪ್ರಕರಣ ಇರಲಿ. ಮೊದಲು ಮಾಡಬೇಕಾದ ಕೆಲಸ ಕಾಯ್ದೆಯ ಇವತ್ತಿನ ಪಠ್ಯವನ್ನು ಕೈಗೆ ತೆಗೆದುಕೊಳ್ಳುವುದು. ಕೇಂದ್ರದ ಕಾಯ್ದೆಗಳು 'ಇಂಡಿಯಾ ಕೋಡ್' ಜಾಲತಾಣದಲ್ಲಿವೆ, ರಾಜ್ಯದವು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ. ಎರಡಕ್ಕೂ ದುಡ್ಡಿಲ್ಲ. ಹಳೆಯ ಪುಸ್ತಕ ನೋಡಿ ಬರೆದರೆ ಆಗಲೇ ತೆಗೆದುಹಾಕಿರುವ ಪ್ರಕರಣವನ್ನು ತೆಗೆಯಿರಿ ಎಂದು ಕೇಳಿದಂತಾಗುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 23ನೇ ಪ್ರಕರಣ 2005ರಲ್ಲೇ ಹೋಯಿತು. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವುದಕ್ಕೆ ಅಡ್ಡ ಬರುತ್ತಿದ್ದದ್ದು ಅದು. ಈಗ ಅದರ ವಿರುದ್ಧ ಮನವಿ ಬರೆದರೆ ಓದುವ ಅಧಿಕಾರಿ ಉಳಿದದ್ದನ್ನೂ ಪಕ್ಕಕ್ಕಿಡುತ್ತಾರೆ.

ನಿಮ್ಮ ಮೂರನೇ ಬೇಡಿಕೆಯನ್ನೇ ತೆಗೆದುಕೊಳ್ಳೋಣ. ತಿಪಟೂರಿನವರ ಪ್ರಶ್ನೆಯೂ ಅದೇ. ಮನವಿ ಎರಡು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲಿ ಕಾಯ್ದೆಯ ಪೂರ್ತಿ ಹೆಸರು, ಪ್ರಕರಣದ ಸಂಖ್ಯೆ, ಈಗಿರುವ ಮಾತು ಇದ್ದ ಹಾಗೇ. ಎರಡನೆಯದರಲ್ಲಿ ಅದರಿಂದ ಆಗುತ್ತಿರುವ ಅನ್ಯಾಯ, ಐದಾರು ಸಾಲಿನಲ್ಲಿ. ಮೂರನೆಯದರಲ್ಲಿ ನೀವು ಬಯಸುವ ಹೊಸ ಮಾತು. ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, "ಸರ್ಕಾರದವರೇ ಬರೆದುಕೊಳ್ಳಲಿ" ಎಂದು. ಅಲ್ಲೇ ಮನವಿ ಸೋಲುವುದು. ಕರಡು ಹೀಗಿರಬಹುದು:

"15ನೇ ಪ್ರಕರಣದ (2)ನೇ ಉಪಪ್ರಕರಣದಲ್ಲಿ, (ಬಿ) ಖಂಡದ ತರುವಾಯ ಈ ಮುಂದಿನ ಖಂಡವನ್ನು ಸೇರಿಸತಕ್ಕದ್ದು, ಎಂದರೆ: (ಸಿ) ಹಿಂದೂ ಸ್ತ್ರೀಯು ಸ್ವಯಾರ್ಜಿತವಾಗಿ ಪಡೆದ ಯಾವುದೇ ಸ್ವತ್ತು, ಆಕೆಗೆ ಮಗ, ಮಗಳು, ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಮಕ್ಕಳು ಮತ್ತು ಗಂಡ ಇವರಲ್ಲಿ ಯಾರೂ ಇಲ್ಲದಿದ್ದಲ್ಲಿ, ಮೊದಲನೆಯದಾಗಿ ಆಕೆಯ ತಾಯಿ ಮತ್ತು ತಂದೆಗೆ, ಅವರಿಲ್ಲದಿದ್ದಲ್ಲಿ ತಂದೆಯ ವಾರಸುದಾರರಿಗೆ ಮತ್ತು ಗಂಡನ ವಾರಸುದಾರರಿಗೆ ಸಮಸಮನಾಗಿ ಸಂದಾಯವಾಗತಕ್ಕದ್ದು."

ಇದನ್ನೇ ಬಳಸಿ ಎಂದು ಹೇಳುತ್ತಿಲ್ಲ. ಹೀಗೆ ಬರೆಯಲು ಕೂತಾಗ ಮಾತ್ರ ನಿಜವಾದ ತೊಡಕು ಕಾಣುತ್ತದೆ. 'ಸ್ವಯಾರ್ಜಿತ' ಎಂದರೆ ಯಾವುದು? ಸಂಬಳ ಸರಿ. ಗಂಡ ಸತ್ತ ಮೇಲೆ ಅನುಕಂಪದ ಮೇರೆಗೆ ಸಿಕ್ಕ ನೌಕರಿಯ ಸಂಬಳ? ಗಂಡನ ಗ್ರಾಚ್ಯುಟಿ ಮೂರು ಲಕ್ಷಕ್ಕೆ ತನ್ನ ಉಳಿತಾಯ ಐದು ಲಕ್ಷ ಸೇರಿಸಿ ಕೊಂಡ ಸೈಟು? ಅತ್ತೆ ದಾನಪತ್ರ ಮಾಡಿಕೊಟ್ಟ ಒಡವೆ? ವಿವರಣೆ ಹಾಕದಿದ್ದರೆ ಇದನ್ನೆಲ್ಲ ಇಪ್ಪತ್ತು ವರ್ಷ ಕೋರ್ಟುಗಳು ಬಿಡಿಸುತ್ತಾ ಕೂರಬೇಕಾಗುತ್ತದೆ, ಆ ಇಪ್ಪತ್ತು ವರ್ಷ ತೆರುವವರು ನಿಮ್ಮಂಥವರೇ. ಕಾನೂನು ಆಯೋಗದ 207ನೇ ವರದಿ ಎರಡೂ ಕಡೆಯ ವಾರಸುದಾರರಿಗೆ ಹಂಚುವ ದಾರಿಯನ್ನು ಆರಿಸಿಕೊಂಡಿತು. ಮೇಲಿನ ಕರಡು ತಾಯಿ ತಂದೆಯನ್ನು ಮುಂದಿಟ್ಟಿದೆ. ಯಾವುದು ಬೇಕೆಂದು ನಿಮ್ಮ ಒಕ್ಕೂಟದಲ್ಲಿ ಕೂತು ಮಾತಾಡಿ. ಅತ್ತೆಯಂದಿರೂ ಇರುವ ಸಭೆಯಲ್ಲಿ ಮಾತಾಡಿದರೆ ಇನ್ನೂ ಒಳ್ಳೆಯದು, ಮುಂದೆ ಸದನದಲ್ಲಿ ಬರುವ ವಿರೋಧ ಅಲ್ಲೇ ಕಿವಿಗೆ ಬೀಳುತ್ತದೆ.

ಸಹಿಗಳ ವಿಷಯ. ಎಂಟುನೂರು ಸಹಿಗಿಂತ ಹತ್ತು ಹನ್ನೆರಡು ನಿಜ ಪ್ರಕರಣಗಳ ಹಾಳೆ ಹೆಚ್ಚು ತೂಗುತ್ತದೆ. ಒಂದೊಂದೂ ಅರ್ಧ ಪುಟ: ತೀರಿಕೊಂಡ ವರ್ಷ, ಯಾವ ಆಸ್ತಿ, ಹೇಗೆ ಗಳಿಸಿದ್ದು, ಈಗ ಯಾರ ಕೈ ಸೇರಿತು, ದಾವೆ ಇದ್ದರೆ ಅದರ ಸಂಖ್ಯೆ. ಮನೆಯವರ ಒಪ್ಪಿಗೆ ಪಡೆಯಿರಿ, ಹೆಸರು ಬೇಡ ಎಂದವರ ಹೆಸರು ಬಿಡಿ. ಸಹಿ ಮಾಡಿಸುವುದಾದರೆ ಪೂರ್ತಿ ವಿಳಾಸ ಇರಲಿ, ಬರೀ ಸಹಿಯ ಹಾಳೆಗೆ ಬೆಲೆ ಇಲ್ಲ.

ಯಾರಿಗೆ ಕೊಡಬೇಕು? ಉತ್ತರಾಧಿಕಾರದ ವಿಷಯ ಕಾನೂನು ಇಲಾಖೆಯ ಕಾರ್ಯದರ್ಶಿಗೆ, ಬಾಲ್ಯವಿವಾಹದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಪ್ರತಿಯನ್ನು ಇಲಾಖೆಯ ಸಚಿವರಿಗೆ ಮತ್ತು ಕರ್ನಾಟಕ ರಾಜ್ಯ ಮಹಿಳಾ ಆಯೋಗಕ್ಕೆ ಕಳಿಸಿ. ಆಯೋಗ 1995ರ ಕಾಯ್ದೆಯಡಿ ಹುಟ್ಟಿದ್ದು, ಅದರ ಶಿಫಾರಸು ಬೆನ್ನಿಗಿದ್ದರೆ ಇಲಾಖೆ ಸುಮ್ಮನೆ ಮುಚ್ಚಿಹಾಕುವುದು ಕಷ್ಟ. ಟಪಾಲು ಶಾಖೆಯಲ್ಲಿ ಮುದ್ದಾಂ ಕೊಟ್ಟರೆ ನಿಮ್ಮ ನಕಲಿನ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ದೂರವಾದರೆ ಸ್ಪೀಡ್ ಪೋಸ್ಟ್.

ಬರುವ ಉತ್ತರ ಹೆಚ್ಚಾಗಿ ಹೀಗಿರುತ್ತದೆ: "ಸದರಿ ಅಧಿನಿಯಮವು ಕೇಂದ್ರದ್ದಾಗಿದ್ದು ರಾಜ್ಯದ ವ್ಯಾಪ್ತಿಗೆ ಬರುವುದಿಲ್ಲ." ಇಷ್ಟಕ್ಕೆ ಸುಮ್ಮನಾಗಬೇಡಿ. 1994ರ ಕರ್ನಾಟಕ ಅಧಿನಿಯಮ ಸಂಖ್ಯೆ 23 ಇದೇ ಕೇಂದ್ರ ಕಾಯ್ದೆಯನ್ನು ಇದೇ ರಾಜ್ಯ ತಿದ್ದಿದ್ದು. ಆ ಒಂದು ಸಾಲನ್ನು ಮೊದಲ ಮನವಿಯಲ್ಲೇ ಬರೆದಿಟ್ಟರೆ ಈ ಹಿಂಬರಹವನ್ನು ಬರೆಯಲು ಆಗುವುದೇ ಇಲ್ಲ.

ಒಂದೂವರೆ ತಿಂಗಳು ಕಾದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮೂನೆ 'ಎ', ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ಪುಟ ಅಳಲು ತೋಡಿಕೊಂಡ ಅರ್ಜಿಗಳು ವಾಪಸಾಗುವುದು ಇದೇ ಕಾರಣಕ್ಕೆ. "ಏಕೆ ಕ್ರಮ ಕೈಗೊಂಡಿಲ್ಲ?" ಎಂದು ಕೇಳಬೇಡಿ. ಆ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ಕೇಳಬೇಕಾದ್ದು ಇಷ್ಟೇ: ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ಮನವಿಯ ಕಡತ ಸಂಖ್ಯೆ, ಅದರ ಟಿಪ್ಪಣಿ ಹಾಳೆಗಳ ನಕಲು, ಈ ದಿನ ಕಡತ ಇರುವ ಅಧಿಕಾರಿಯ ಪದನಾಮ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಟಿಪ್ಪಣಿ ಹಾಳೆ ಕೈಗೆ ಬಂದರೆ ಯಾವ ಹಂತದ ಅಧಿಕಾರಿ ಏನು ಆಕ್ಷೇಪ ಬರೆದಿದ್ದಾರೆ ಎಂಬುದು ತಿಳಿಯುತ್ತದೆ, ಮುಂದಿನ ಮನವಿಯಲ್ಲಿ ಅದಕ್ಕೇ ಉತ್ತರ ಬರೆಯಬಹುದು. ಸಂಪುಟದ ಮುಂದಿರುವ ಟಿಪ್ಪಣಿ ಮಾತ್ರ ತೀರ್ಮಾನವಾಗುವವರೆಗೆ ಸಿಗದು.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಕುಟುಂಬ ನ್ಯಾಯಾಲಯವೇ ಇಲ್ಲ. ಜಿಲ್ಲಾ ಕೇಂದ್ರದ ನ್ಯಾಯಾಲಯದಲ್ಲಿ ಮಕ್ಕಳನ್ನು ತಂದೆಗೆ ತೋರಿಸುವುದಕ್ಕೆ ಒಂದು ಕೋಣೆಯೂ ಇಲ್ಲ, ಜನರ ನಡುವೆ ಮೊಗಸಾಲೆಯಲ್ಲೇ ಭೇಟಿ. ಇದಕ್ಕೂ ಕಾಯ್ದೆ ತಿದ್ದಬೇಕೆ? — ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಬೇಡ. ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984ರ 3ನೇ ಪ್ರಕರಣದ ಪ್ರಕಾರ ಹತ್ತು ಲಕ್ಷ ಮೀರಿದ ನಗರಗಳಲ್ಲಿ ಸ್ಥಾಪನೆ ಕಡ್ಡಾಯ, ಬೇರೆಡೆ ಅಗತ್ಯ ಕಂಡರೆ ಹೈಕೋರ್ಟಿನೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಸಾಕು. ಮಗುವಿನ ಭೇಟಿಯ ಕೋಣೆ, ಆಪ್ತ ಸಮಾಲೋಚಕರು, ವಿಚಾರಣೆಯ ಕ್ರಮ ಇವು ನಿಯಮಗಳಿಗೆ ಮತ್ತು ಆಡಳಿತಕ್ಕೆ ಸೇರಿದವು. 21ನೇ ಪ್ರಕರಣದಡಿ ಹೈಕೋರ್ಟು, 23ನೇ ಪ್ರಕರಣದಡಿ ರಾಜ್ಯ ಸರ್ಕಾರ ನಿಯಮ ಮಾಡುತ್ತವೆ. ನಿಮ್ಮ ಮನವಿ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಮತ್ತು ಕಾನೂನು ಇಲಾಖೆಗೆ ಹೋಗಲಿ. ಜೊತೆಗೆ ಅಂಕಿ ಕೊಡಿ: ನಿಮ್ಮ ತಾಲ್ಲೂಕಿನಿಂದ ಎಷ್ಟು ಕೌಟುಂಬಿಕ ದಾವೆಗಳು ಬಾಕಿ ಇವೆ, ಜಿಲ್ಲಾ ಕೇಂದ್ರಕ್ಕೆ ಎಷ್ಟು ಕಿಲೋಮೀಟರ್, ಒಂದು ದಿನದ ಬಸ್ ಖರ್ಚು ಮತ್ತು ಕಳೆದುಕೊಳ್ಳುವ ಕೂಲಿ ಎಷ್ಟು. ಬಾಕಿ ದಾವೆಗಳ ಲೆಕ್ಕ 'ಇ-ಕೋರ್ಟ್ಸ್' ಜಾಲತಾಣದಲ್ಲೇ ಸಿಗುತ್ತದೆ.

ಕಾಯ್ದೆ, ನಿಯಮ, ಅಧಿಸೂಚನೆ ಈ ಮೂರನ್ನು ಬೇರೆ ಮಾಡಿ ನೋಡುವುದನ್ನು ಎಲ್ಲ ಓದುಗರೂ ರೂಢಿ ಮಾಡಿಕೊಳ್ಳಬೇಕು. ಅಧಿಸೂಚನೆಯಿಂದ ಮುಗಿಯುವ ಕೆಲಸಕ್ಕೆ ವಿಧೇಯಕ ಕೇಳಿ ವರ್ಷಗಟ್ಟಲೆ ಕಳೆದುಕೊಂಡವರಿದ್ದಾರೆ.

ಪ್ರಶ್ನೆ: ನಮ್ಮ ಶಾಸಕರು ಸಜ್ಜನರು, ಮಾತಿಗೆ ಸಿಗುತ್ತಾರೆ. ಅವರೇ ವಿಧೇಯಕ ತರಬಹುದಲ್ಲವೇ? — ನಿವೃತ್ತ ಉಪನ್ಯಾಸಕರು, ಸಾಗರ

ಉತ್ತರ: ತರಬಹುದು. ಸಚಿವರಲ್ಲದ ಸದಸ್ಯರು ತರುವುದನ್ನು ಖಾಸಗಿ ಸದಸ್ಯರ ವಿಧೇಯಕ ಎನ್ನುತ್ತಾರೆ. ಅದು ಕಾಯ್ದೆಯಾಗುವುದು ತೀರ ಅಪರೂಪ. ಸಂಸತ್ತಿನಲ್ಲೇ 1970ರ ನಂತರ ಒಂದೂ ಆಗಿಲ್ಲ. ಹಾಗೆಂದು ಅದು ವ್ಯರ್ಥವಲ್ಲ. ವಿಧೇಯಕ ಚರ್ಚೆಗೆ ಬಂದರೆ ಸಚಿವರು ಎದ್ದು ಉತ್ತರ ಕೊಡಬೇಕು, "ಸರ್ಕಾರವೇ ಪರಿಶೀಲಿಸುತ್ತದೆ, ಹಿಂಪಡೆಯಿರಿ" ಎಂದು ಕೇಳಿಕೊಳ್ಳುವುದು ವಾಡಿಕೆ. ಸದನದಲ್ಲಿ ಕೊಟ್ಟ ಮಾತು ಭರವಸೆಯಾಗುತ್ತದೆ. ಅದನ್ನು ಬೆನ್ನುಹತ್ತಿ ಕೇಳುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ.

ಅದಕ್ಕಿಂತ ಸುಲಭದ್ದು ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಅಧಿವೇಶನದ ದಿನ ಗೊತ್ತಾದ ಕೂಡಲೇ ನಿಮ್ಮ ಶಾಸಕರ ಆಪ್ತ ಸಹಾಯಕರ ಕೈಗೆ ಟೈಪ್ ಮಾಡಿದ ಪ್ರಶ್ನೆಯನ್ನೇ ಕೊಡಿ: "ಹಿಂದೂ ಉತ್ತರಾಧಿಕಾರ ಅಧಿನಿಯಮದ 15ನೇ ಪ್ರಕರಣಕ್ಕೆ ತಿದ್ದುಪಡಿ ತರುವಂತೆ ಬಂದಿರುವ ಮನವಿಗಳೆಷ್ಟು? ಕಾನೂನು ಆಯೋಗದ 207ನೇ ವರದಿಯನ್ನು ಸರ್ಕಾರ ಪರಿಶೀಲಿಸಿದೆಯೇ? ಹಾಗಿದ್ದಲ್ಲಿ ಯಾವ ಹಂತದಲ್ಲಿದೆ?" ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಸೂಚನೆಯ ಅವಧಿ ದಾಟಿರುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಮುಂದೆ ಚಳಿಗಾಲದ ಅಧಿವೇಶನದಲ್ಲಿ ಧರಣಿ ಕೂರುವ ಸಂಘಟನೆಗಳು ಆ ದಿನವೇ ಶಾಸಕರನ್ನು ಹುಡುಕಿ ಮನವಿ ಕೊಡುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಅಷ್ಟು ದೂರದಿಂದ ಬಂದವರ ಶ್ರಮ ಒಂದು ಫೋಟೊದಲ್ಲಿ ಮುಗಿಯಬಾರದು.

ವಿಧಾನ ಪರಿಷತ್ತನ್ನು ಮರೆಯಬೇಡಿ. 75 ಸದಸ್ಯರಲ್ಲಿ ಪದವೀಧರ ಕ್ಷೇತ್ರದಿಂದ 7, ಶಿಕ್ಷಕರ ಕ್ಷೇತ್ರದಿಂದ 7 ಮಂದಿ. ಶಿಕ್ಷಕಿಯರ ಗಳಿಕೆಯ ಪ್ರಶ್ನೆಯನ್ನು ಶಿಕ್ಷಕರ ಕ್ಷೇತ್ರದ ಸದಸ್ಯರಿಗಿಂತ ಚೆನ್ನಾಗಿ ಎತ್ತುವವರು ಯಾರು? ಇನ್ನು ಸದನದ ಅರ್ಜಿಗಳ ಸಮಿತಿಗೂ ಸದಸ್ಯರೊಬ್ಬರ ಮೂಲಕ ಅರ್ಜಿ ಹೋಗಬಹುದು. ಆದರೆ ನ್ಯಾಯಾಲಯದ ಮುಂದಿರುವ ವಿಷಯ ಅಲ್ಲಿ ನಡೆಯದು. ಆದ್ದರಿಂದ ಒಂದೇ ವಿಷಯಕ್ಕೆ ಹೈಕೋರ್ಟಿನಲ್ಲಿ ರಿಟ್ ಹಾಕಿ ಸಮಿತಿಗೆ ಅರ್ಜಿಯನ್ನೂ ಕೊಟ್ಟರೆ ಅರ್ಜಿಯ ಬಾಗಿಲು ಮುಚ್ಚುತ್ತದೆ.

ಪ್ರಶ್ನೆ: ಇಷ್ಟೆಲ್ಲ ಅಲೆಯುವ ಬದಲು ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರಾಗದೇ? — ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಯಾವುದಕ್ಕೆ ಎಂಬುದರ ಮೇಲೆ ಹೋಗುತ್ತದೆ. ಇಂಥ ಕಾನೂನು ಮಾಡು ಎಂದು ನ್ಯಾಯಾಲಯ ಶಾಸಕಾಂಗಕ್ಕೆ ಆಜ್ಞೆ ಮಾಡುವುದಿಲ್ಲ. ಇರುವ ಪ್ರಕರಣ ಸಂವಿಧಾನದ 14 (ಸಮಾನತೆ) ಅಥವಾ 15ನೇ (ತಾರತಮ್ಯ ನಿಷೇಧ) ಅನುಚ್ಛೇದಕ್ಕೆ ವಿರುದ್ಧವೆಂದು ತೋರಿಸಿದರೆ ಅದನ್ನು ಅಸಿಂಧು ಎನ್ನಬಹುದು. ಕಾಯ್ದೆಯನ್ನು ಜಾರಿ ಮಾಡದ ಸರ್ಕಾರಕ್ಕೆ ನಿರ್ದೇಶನ ಕೊಡಬಹುದು. ಈ ಎರಡನೆಯದರಿಂದ ಕಾನೂನೇ ಬದಲಾದ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ.

ಬಾಲ್ಯವಿವಾಹ ತಡೆಯುವಲ್ಲಿ ಸರ್ಕಾರದ ವೈಫಲ್ಯದ ಬಗ್ಗೆ ಮುತ್ತಮ್ಮ ದೇವಯ್ಯ ಪ್ರಕರಣ 2006ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. ನ್ಯಾಯಾಲಯದ ಆದೇಶದಿಂದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿ ರಚನೆಯಾಗಿ 2011ರಲ್ಲಿ ವರದಿ ಕೊಟ್ಟಿತು. ಆಗ ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ರದ್ದಾಗುತ್ತಿರಲಿಲ್ಲ. ಮದುವೆಯಾದ ಹುಡುಗಿಯೇ, ಪ್ರಾಯಕ್ಕೆ ಬಂದು ಎರಡು ವರ್ಷದೊಳಗೆ, ಕೋರ್ಟಿಗೆ ಹೋಗಿ ರದ್ದು ಕೋರಬೇಕಿತ್ತು. ಗಂಡನ ಮನೆಯಲ್ಲಿ ಕೂಸು ಎತ್ತಿಕೊಂಡಿರುವ ಹತ್ತೊಂಬತ್ತರ ಹುಡುಗಿ ಯಾವ ಧೈರ್ಯದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕು? ಕರ್ನಾಟಕದ 2016ರ ತಿದ್ದುಪಡಿ 3ನೇ ಪ್ರಕರಣಕ್ಕೆ (1ಎ) ಎಂಬ ಒಂದು ಉಪಪ್ರಕರಣ ಸೇರಿಸಿತು: ತಿದ್ದುಪಡಿ ಜಾರಿಯಾದ ಮೇಲೆ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ. 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಯವರ ಅಂಕಿತವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪಿನಲ್ಲಿ ಕರ್ನಾಟಕದ ಈ ಹೆಜ್ಜೆಯನ್ನು ಮೆಚ್ಚಿ ಉಲ್ಲೇಖಿಸಿತು.

ಅರ್ಜಿಯಿಂದ ಅಂಕಿತದವರೆಗೆ ಹನ್ನೊಂದು ವರ್ಷ. ನ್ಯಾಯಾಲಯ ಇಲ್ಲಿ ಕಾನೂನು ಬರೆಯಲಿಲ್ಲ, ಸರ್ಕಾರ ಸಮಿತಿ ಮಾಡಿ ಕೂತು ಯೋಚಿಸುವಂತೆ ಮಾಡಿತು. ನೀವು ಕಾನೂನು ಓದುತ್ತಿರುವುದರಿಂದ ಒಂದು ಸಲಹೆ: ರಿಟ್ ಸಿದ್ಧಪಡಿಸುವುದಕ್ಕೆ ಮೊದಲು ಇಲಾಖೆಗೆ ಮನವಿ ಕೊಟ್ಟು, ಉತ್ತರ ಬಾರದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. "ಸರ್ಕಾರವನ್ನು ಕೇಳಿದ್ದೀರಾ?" ಎಂಬುದೇ ಪೀಠದಿಂದ ಬರುವ ಮೊದಲ ಪ್ರಶ್ನೆ.

ಪ್ರಶ್ನೆ: ವಿಧೇಯಕ ಎರಡೂ ಸದನದಲ್ಲಿ ಪಾಸಾದರೆ ಕೆಲಸ ಮುಗಿದಂತೆಯೇ? — ಮಹಿಳಾ ಸಂಘಟನೆಯ ಕಾರ್ಯಕರ್ತೆ, ಬೆಳಗಾವಿ

ಉತ್ತರ: ಬಹಳ ಸಂಘಟನೆಗಳು ಅಲ್ಲಿಗೆ ಸಿಹಿ ಹಂಚಿ ಮನೆಗೆ ಹೋಗುತ್ತವೆ. ಅರ್ಧ ದಾರಿ ಇನ್ನೂ ಉಳಿದಿರುತ್ತದೆ.

ಪಾಸಾದ ವಿಧೇಯಕ ರಾಜ್ಯಪಾಲರಿಗೆ ಹೋಗುತ್ತದೆ. ಕೇಂದ್ರ ಕಾಯ್ದೆಗೆ ತಿಕ್ಕಾಟವಿದ್ದರೆ ಅವರು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸುತ್ತಾರೆ. ದೆಹಲಿಯಲ್ಲಿ ಅದು ಗೃಹ ಸಚಿವಾಲಯದ ಮೂಲಕ ಸಂಬಂಧಪಟ್ಟ ಕೇಂದ್ರ ಸಚಿವಾಲಯಗಳನ್ನು ಸುತ್ತುತ್ತದೆ, ಅಲ್ಲಿಂದ ಪ್ರಶ್ನೆಗಳು ಬಂದರೆ ರಾಜ್ಯದ ಇಲಾಖೆ ಸ್ಪಷ್ಟನೆ ಬರೆಯಬೇಕು. ಇಲ್ಲಿನವರು ಉತ್ತರ ಬರೆಯುವುದು ತಡವಾದಷ್ಟೂ ಅಲ್ಲಿ ಕಡತ ಕೂರುತ್ತದೆ. ಆಗ ನಿಮ್ಮ ಊರಿನ ಸಂಸದರು ಉಪಯೋಗಕ್ಕೆ ಬರುತ್ತಾರೆ, ಗೃಹ ಸಚಿವಾಲಯಕ್ಕೆ ಅವರಿಂದ ಪತ್ರ ಬರೆಸಿ, ಉತ್ತರದ ನಕಲು ಪಡೆಯಿರಿ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಹೆಣ್ಣುಮಕ್ಕಳ ಪಾಲಿನ ಕಥೆಯೇ ಸಾಕ್ಷಿ. ಮೇಲೆ ಹೇಳಿದ 1994ರ ಸಂಖ್ಯೆ 23ರ ಕಾಯ್ದೆಯ ಹೆಸರು ಹಿಂದೂ ಉತ್ತರಾಧಿಕಾರ (ಕರ್ನಾಟಕ ತಿದ್ದುಪಡಿ) ಅಧಿನಿಯಮ, 1990. ಜಾರಿಗೆ ಬಂದಿದ್ದು 1994ರ ಜುಲೈ 30ಕ್ಕೆ. ಹೊಸ 6ಎ ಪ್ರಕರಣದ ಕೊನೆಯಲ್ಲಿ ಒಂದು ಮಾತಿತ್ತು: ಜಾರಿಯಾಗುವುದಕ್ಕೆ ಮುಂಚೆ ಮದುವೆಯಾದ ಮಗಳಿಗೆ, ಮುಂಚೆಯೇ ಆದ ಪಾಲಿಗೆ ಇದು ಅನ್ವಯಿಸದು. 1990ರಲ್ಲಿ ಮದುವೆಯಾಗದೆ ಇದ್ದು, 1994ರ ಜುಲೈ ಒಳಗೆ ಹಸೆಮಣೆ ಏರಿದ ಮಗಳನ್ನು ನೆನೆಸಿಕೊಳ್ಳಿ. ಕಾಯ್ದೆಯ ಹೆಸರಿನ ವರ್ಷದಲ್ಲಿ ಹಕ್ಕುದಾರಳಾಗಬಹುದಿದ್ದವಳು ಜಾರಿಯ ದಿನ ಹೊರಗೆ. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಈ ಗೆರೆ ಅಳಿಸಿತು. ಆದರೆ ಬೆಳಗಾವಿ ನ್ಯಾಯಾಲಯದಲ್ಲಿ 1992ರಲ್ಲಿ ಶುರುವಾದ ದಾವೆಯೊಂದು ಸುಪ್ರೀಂ ಕೋರ್ಟು ತಲುಪಿ, 2015ರ ಪ್ರಕಾಶ್ ವಿರುದ್ಧ ಫೂಲಾವತಿ ತೀರ್ಪಿನಲ್ಲಿ ಇನ್ನೊಂದು ಗೆರೆ ಬಿತ್ತು: 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಬಂದ ಮೇಲೆ ಅದೂ ಹೋಯಿತು.

ಆದ್ದರಿಂದ ವಿಧೇಯಕದ ಪ್ರತಿ ಸಿಕ್ಕ ದಿನ ಮೊದಲು ಓದಬೇಕಾದ್ದು ಕೊನೆಯ ಪುಟ. "ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು" ಎಂದಿದ್ದರೆ ಅಂಕಿತವಾದ ಮೇಲೂ ಇನ್ನೊಂದು ಅಧಿಸೂಚನೆಗೆ ಕಾಯಬೇಕು, "ಈ ಕೂಡಲೇ" ಎಂದು ಬರೆಸಲು ಹೇಳಿ. "ಜಾರಿಗೆ ಮುಂಚೆ" ಎಂಬ ಮಾತು ಇದ್ದರೆ ಅದರಿಂದ ಹೊರಗುಳಿಯುವವರು ಯಾರೆಂದು ಲೆಕ್ಕ ಹಾಕಿ, ಪರಿಶೀಲನಾ ಸಮಿತಿಗೆ ಹೋದರೆ ಅದೇ ಲೆಕ್ಕವನ್ನು ಲಿಖಿತ ಅಹವಾಲಾಗಿ ಕೊಡಿ.

ಚುನಾವಣೆಯ ಕಡೆಗೂ ಕಣ್ಣಿರಲಿ. ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ವಿಧೇಯಕ ಬಿದ್ದುಹೋಗುತ್ತದೆ, ಸಭೆಯಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಉಳಿದದ್ದೂ ಅಷ್ಟೇ. ಎರಡೂ ಕಡೆ ಪಾಸಾಗಿ ಅಂಕಿತಕ್ಕೆ ಕಾದಿರುವುದು ಮಾತ್ರ ಉಳಿಯುತ್ತದೆ. ಈಗಿನ ವಿಧಾನಸಭೆ 2023ರ ಮೇ ತಿಂಗಳಲ್ಲಿ ಬಂದದ್ದು. 2028ರ ಆರಂಭದೊಳಗೆ ಎರಡೂ ಸದನ ದಾಟಬೇಕು ಎಂಬ ಲೆಕ್ಕದಲ್ಲಿ ಮನವಿ, ಪ್ರಶ್ನೆ, ಕರಡುಗಳ ದಿನಾಂಕ ಹಾಕಿಕೊಳ್ಳಿ. ಕಾಯ್ದೆಯಾದ ದಿನ ಕರ್ನಾಟಕ ರಾಜ್ಯಪತ್ರದ ಆ ಸಂಚಿಕೆಯ ಪ್ರತಿಗಳನ್ನು ತೆಗೆದು ನಿಮ್ಮ ತಾಲ್ಲೂಕಿನ ವಕೀಲರ ಸಂಘಕ್ಕೂ ತಹಶೀಲ್ದಾರರ ಕಚೇರಿಗೂ ಕೊಡಿ. 1994ರ ತಿದ್ದುಪಡಿ ಬಂದು ಎಷ್ಟೋ ದಿನದವರೆಗೆ ಅದು ಗೊತ್ತಿಲ್ಲದೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹೆಣ್ಣುಮಕ್ಕಳಿದ್ದರು.